ಐಆರ್ ಓದು, ಇಎಂಐ ಲೆಕ್ಕ

ಇಂಟರ್‌ನ್ಯಾಷನಲ್ ರಿಲೇಶನ್ಸ್, ಅಂದರೆ ಐಆರ್, ಓದಿದರೆ ಪಗಾರ ಎಷ್ಟು ಬರುತ್ತದೆ? ಮೇ, ಜೂನ್ ಬಂತೆಂದರೆ ಈ ಪ್ರಶ್ನೆ ನನ್ನ ಟೇಬಲ್ ಮುಂದೆ ಬಂದು ಕೂರುವುದು ಈಚೆಗೆ ಜಾಸ್ತಿಯಾಗಿದೆ. ನಾನು ವಿಜಯಪುರದಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವವನು. ರಾಜತಾಂತ್ರಿಕತೆ ನನ್ನ ವಿಷಯ ಅಲ್ಲ. ಆದರೆ ಎಜುಕೇಶನ್ ಲೋನ್ ಫೈಲಿಗೆ ಅಪ್ಪನ ಹಿಂದಿನ ವರ್ಷಗಳ ರಿಟರ್ನ್ ಬೇಕು, ಅದಕ್ಕೆ ಅಪ್ಪಂದಿರು ಬರುತ್ತಾರೆ. ನಾಲ್ಕೈದು ವರ್ಷ ಬಿಟ್ಟು ಅದೇ ಮಕ್ಕಳು ತಮ್ಮ ರಿಟರ್ನ್ ತುಂಬಿಸಲು ಬರುತ್ತಾರೆ. ಹೀಗಾಗಿ ಸಾಲ ಹೋದದ್ದೂ ಪಗಾರ ಬಂದದ್ದೂ ಎರಡೂ ನನ್ನ ಕಣ್ಣಿಗೆ ಬೀಳುತ್ತವೆ.

ಇಂಜಿನಿಯರಿಂಗ್ ಅಥವಾ ನರ್ಸಿಂಗ್ ಬಗ್ಗೆ ಕೇಳಿದರೆ ಹೆಚ್ಚುಕಮ್ಮಿ ಒಂದು ಮೊತ್ತ ಹೇಳಬಹುದು. ಐಆರ್ ಬಗ್ಗೆ ಹಾಗೆ ಹೇಳೋಕೆ ಬರಲ್ಲ. ಯಾಕಂದರೆ ಆ ಡಿಗ್ರಿಯ ಆಚೆ ಬದಿಗೆ ಒಂದು ಹುದ್ದೆ ಕಾದು ಕೂತಿಲ್ಲ. ನಮ್ಮ ಕಡೆಯವರ ತಲೆಯಲ್ಲಿ ಮಾತ್ರ ಕೂತಿದೆ. ಐಆರ್ ಅಂದರೆ ಫಾರಿನ್ ಸರ್ವಿಸ್, ಫಾರಿನ್ ಸರ್ವಿಸ್ ಅಂದರೆ ಎಂಬೆಸಿ, ಎಂಬೆಸಿ ಅಂದರೆ ಕಾರಿನ ಮುಂದೆ ಬಾವುಟ.

ಆ ಬಾವುಟದ ಲೆಕ್ಕ ಮೊದಲು ಮುಗಿಸಿಬಿಡೋಣ. 2024ರ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599 ಜನ. ಪ್ರಿಲಿಮ್ಸ್ ಬರೆದವರು 5,83,213. ಕೊನೆಗೆ ಆಯ್ಕೆಯಾದವರು 1,009. ಅದರಲ್ಲಿ ವಿದೇಶಾಂಗ ಸೇವೆಗೆ ಇದ್ದ ಜಾಗ 55. ಅದರ ಹಿಂದಿನ ವರ್ಷ 37 ಇತ್ತು. ಇಡೀ ದೇಶಕ್ಕೆ! ಇನ್ನೊಂದು ಮಾತು, ಇದು ನನ್ನ ಹತ್ತಿರ ಬರುವ ಅಪ್ಪಂದಿರಿಗೆ ಗೊತ್ತೇ ಇರುವುದಿಲ್ಲ. ಈ ಪರೀಕ್ಷೆ ಬರೆಯೋಕೆ ಐಆರ್ ಡಿಗ್ರಿ ಬೇಕಾಗಿಲ್ಲ. ಯಾವ ಡಿಗ್ರಿಯಾದರೂ ನಡೆಯುತ್ತದೆ. ಅದೇ 2024ರ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬಂದ ಶಕ್ತಿ ದುಬೆ ಓದಿದ್ದು ಬಯೋಕೆಮಿಸ್ಟ್ರಿ. ಪರೀಕ್ಷೆಗೆ ಐಚ್ಛಿಕ ವಿಷಯವಾಗಿ ತಗೊಂಡದ್ದು ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು. ಅಂದರೆ ಐಆರ್ ಅನ್ನು ಪೇಪರ್ ಆಗಿ ಮನೆಯಲ್ಲೇ ಕೂತು ಓದಬಹುದು. ಅದಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಹಾಗಂತ ಐಆರ್ ಓದಿದವರು ಅಲ್ಲಿಗೆ ಹೋಗೇ ಇಲ್ಲ ಅಂತಲ್ಲ. ಎಸ್. ಜೈಶಂಕರ್ ಜೆಎನ್‌ಯುನಲ್ಲಿ ಐಆರ್‌ನಲ್ಲೇ ಪಿಎಚ್‌ಡಿ ಮಾಡಿದವರು. ಆದರೆ ಅವರ ಫೋಟೋ ತೋರಿಸಿ ಸಾಲ ಕೇಳಿದರೆ ಬ್ಯಾಂಕಿನವರು ಕೊಡುವುದಿಲ್ಲ, ಅಲ್ವಾ?

ಸರಿ, ಬಾವುಟ ಸಿಗದವರು ಏನು ಮಾಡುತ್ತಾರೆ? ನಾನು ಕಂಡವರ ಪೈಕಿ ಒಬ್ಬ ಹುಡುಗನ ಕಾಗದ ಇಲ್ಲಿ ಬಿಡಿಸುತ್ತೇನೆ. ಹೆಸರು ಬೇಡ. ದಿಲ್ಲಿ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂ.ಎ. ಮಾಡಿದ. ಸಾಲ 10 ಲಕ್ಷ. ಮುಗಿಸಿದ ಮೇಲೆ ದಿಲ್ಲಿಯಲ್ಲೇ ಒಂದು ಸಂಶೋಧನಾ ಸಂಸ್ಥೆ ಸೇರಿದ. ಊರಲ್ಲಿ ಪೇಢೆ ಹಂಚಿದರು. ಮೊದಲ ಸಲ ರಿಟರ್ನ್ ತುಂಬೋಕೆ ಬಂದಾಗ ಪಗಾರ ಕೊಟ್ಟವರು ಕೊಡುವ ಫಾರ್ಮ್ 16 ಕೊಡಪ್ಪ ಅಂದೆ. ಇಲ್ಲ ಅಂದ. ಯಾರು ಎಷ್ಟು ತೆರಿಗೆ ಮುರಿದಿದ್ದಾರೆ ಅಂತ ತೋರಿಸುವ 26ಎಎಸ್ ತೆಗೆದು ನೋಡಿದೆ. ಅವನ ದುಡ್ಡು ಪಗಾರ ಅಂತ ಬಂದೇ ಇರಲಿಲ್ಲ. ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಅಡಿಯಲ್ಲಿ, ಕನ್ಸಲ್ಟಂಟ್ ಫೀ ಅಂತ ಬಂದಿತ್ತು. ಹತ್ತು ಪರ್ಸೆಂಟ್ ಟಿಡಿಎಸ್ ಮುರಿದಿದ್ದರು. ಪಿಎಫ್ ಇಲ್ಲ, ಗ್ರ್ಯಾಚುಯಿಟಿ ಇಲ್ಲ. ಹನ್ನೊಂದು ತಿಂಗಳ ಕರಾರು, ಪ್ರಾಜೆಕ್ಟ್ ಮುಗಿದರೆ ಕೆಲಸ ಮುಗಿಯಿತು. ತಿಂಗಳಿಗೆ 35 ಸಾವಿರ. ಅದರಲ್ಲಿ ಟಿಡಿಎಸ್ ಹೋಗಿ ಕೈಗೆ ಬರುವುದು 31,500. ಆ ಟಿಡಿಎಸ್ ನಾನು ರಿಟರ್ನ್ ತುಂಬಿ ವಾಪಸ್ ತರಿಸಿಕೊಟ್ಟೆ. ಅದೇ ಅವನಿಗೆ ವರ್ಷದ ಬೋನಸ್.

ಸಾಲದ ಕಡೆ ನೋಡಿದರೆ, ಓದುವ ಎರಡು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿರಲಿಲ್ಲ. ಆದರೆ ಬಡ್ಡಿ ಓಡುತ್ತಲೇ ಇತ್ತು. ಶೇ. 10.5ರ ದರದಲ್ಲಿ 10 ಲಕ್ಷ ಹನ್ನೆರಡೂವರೆ ಲಕ್ಷ ದಾಟಿತ್ತು. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 17 ಸಾವಿರ. ಮೂವತ್ತೊಂದೂವರೆಯಲ್ಲಿ ಹದಿನೇಳು ಹೋದರೆ ಉಳಿದದ್ದು ಹದಿನಾಲ್ಕೂವರೆ. ದಿಲ್ಲಿಯಲ್ಲಿ ರೂಮು, ಊಟ, ಮೆಟ್ರೊ. ಮೊದಲ ವರ್ಷ ಅರ್ಧ ಕಂತು ಊರಿಂದ ಹೋಗುತ್ತಿತ್ತು. ಮಗ ಕೆಲಸಕ್ಕೆ ಸೇರಿದ್ದಾನೆ ಅಂತ ಪೇಢೆ ಹಂಚಿದ ಅವ್ವ ಮಗನಿಗೆ ದುಡ್ಡು ಕಳಿಸುತ್ತಿದ್ದರು. ಇದನ್ನು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅವನು ಈಗ ಬೆಂಗಳೂರಿನಲ್ಲಿದ್ದಾನೆ. ಒಂದು ದೊಡ್ಡ ಬ್ಯಾಂಕಿನ ಹಿಂದಿನ ಕೆಲಸ ಮಾಡುವ ಆಫೀಸು. ಯಾವ ಗಿರಾಕಿ, ಯಾವ ಕಂಪನಿ, ಯಾವ ಹಡಗು ವಿಶ್ವಸಂಸ್ಥೆಯ ಅಥವಾ ಅಮೆರಿಕದ ನಿರ್ಬಂಧದ ಪಟ್ಟಿಯಲ್ಲಿದೆ ಅಂತ ಪರೀಕ್ಷಿಸುವ ಕೆಲಸ. ಇರಾನ್, ರಷ್ಯಾ, ಉತ್ತರ ಕೊರಿಯಾ ಅವನ ದಿನನಿತ್ಯದ ಮಾತು. ಓದಿದ್ದು ಉಪಯೋಗಕ್ಕೆ ಬಂತು, ಆದರೆ ಓದುವಾಗ ಇಂಥದ್ದೊಂದು ಕೆಲಸ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಫಾರ್ಮ್ 16 ಬರುತ್ತದೆ. ಪಗಾರ ಚೆನ್ನಾಗಿದೆ. ನಾನು ಗಮನಿಸಿದ್ದು ಇದೇ: ಐಆರ್ ಓದಿದವರಿಗೆ ದುಡ್ಡು ಬರುವುದೇ ಇಲ್ಲ ಅಂತಲ್ಲ, ತಡವಾಗಿ ಬರುತ್ತದೆ. ಮೊದಲ ನಾಲ್ಕೈದು ವರ್ಷ ಇಂಟರ್ನ್‌ಶಿಪ್, ಕರಾರು, ಫೆಲೋಶಿಪ್, ಯುಪಿಎಸ್ಸಿ ಪ್ರಯತ್ನ ಅಂತ ಹೋಗುತ್ತವೆ. ಸಾಲದ ಕಂತು ಮಾತ್ರ ಒಂದು ದಿನವೂ ತಡ ಮಾಡುವುದಿಲ್ಲ.

ಈ ಕ್ಷೇತ್ರದ ಬಾಗಿಲಲ್ಲೇ ದುಡ್ಡು ಕಡಿಮೆ. ನಮ್ಮ ವಿದೇಶಾಂಗ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ತಿಂಗಳಿಗೆ 10,000 ರೂಪಾಯಿ ಕೊಡುತ್ತದೆ, ಅದೇ ವಾಸಿ. ವಿಶ್ವಸಂಸ್ಥೆಯ ಸೆಕ್ರೆಟೇರಿಯಟ್ ತನ್ನ ಇಂಟರ್ನ್‌ಗಳಿಗೆ ಏನೂ ಕೊಡುವುದಿಲ್ಲ. 2015ರಲ್ಲಿ ನ್ಯೂಜಿಲ್ಯಾಂಡಿನ ಒಬ್ಬ 22 ವರ್ಷದ ಇಂಟರ್ನ್ ಜಿನೀವಾದಲ್ಲಿ ಬಾಡಿಗೆ ಕೊಡಲಾಗದೆ ಟೆಂಟ್ ಹಾಕಿಕೊಂಡಿದ್ದಾನೆ ಅಂತ ಜಗತ್ತಿನ ಪೇಪರುಗಳಲ್ಲೆಲ್ಲ ಬಂದಿತ್ತು. ಜಿನೀವಾದಲ್ಲಿ ಆರು ತಿಂಗಳು ಕೈಯಿಂದ ಖರ್ಚು ಮಾಡಿಕೊಂಡು ಇರಬಲ್ಲ ಮನೆಯ ಮಕ್ಕಳಿಗೆ ಆ ಬಾಗಿಲು ಸುಲಭವಾಗಿ ತೆಗೆಯುತ್ತದೆ. ಸಾಲ ಮಾಡಿ ಡಿಗ್ರಿ ಮುಗಿಸಿದವರು ಅದೇ ಸಮಯಕ್ಕೆ ಪಗಾರ ಬರುವ ಯಾವುದಾದರೂ ಕೆಲಸ ಹಿಡಿಯಬೇಕು. ಒಂದೇ ಕ್ಲಾಸಿನಲ್ಲಿ ಕೂತ ಇಬ್ಬರ ದಾರಿ ಅಲ್ಲಿಂದಲೇ ಬೇರೆಯಾಗುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಇದು ಕಾಣುವುದಿಲ್ಲ.

ಈಗ ಈ ವರ್ಷದ ಫೈಲಿಗೆ ಬರೋಣ. ಇದನ್ನು ಬರೆಯೋಕೆ ಕೂತದ್ದೇ ಅದರಿಂದ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ನಮಗೆ ದೂರದ ಸಂಬಂಧ, ನಾನು ಅಣ್ಣಾ ಅಂತೀನಿ. ಮಗಳು ಬಿ.ಎ. ಮುಗಿಸಿದ್ದಾಳೆ, ಚುರುಕು. ಲಂಡನ್ನಿನ ಒಂದು ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಐಆರ್‌ಗೆ ಒಂದು ವರ್ಷದ ಎಂ.ಎ. ಸೀಟು ಸಿಕ್ಕಿದೆ. ಫೀ, ಬಾಡಿಗೆ, ಊಟ, ವೀಸಾ ಎಲ್ಲ ಸೇರಿ 40 ಲಕ್ಷ ಅಂತ ಅವಳ ಅಂದಾಜು. ಹತ್ತು ಲಕ್ಷ ಮನೆಯದು, ಮೂವತ್ತು ಸಾಲ. ಅಣ್ಣ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಹೊಲದ ಉತಾರ (ಪಹಣಿ) ತಂದಿದ್ದರು. ಹನ್ನೊಂದು ಎಕರೆ, ಅದರಲ್ಲಿ ನಾಲ್ಕೆಕರೆ ಪಡ, ಅಂದರೆ ದ್ರಾಕ್ಷಿ ತೋಟ.

"ಹೊಲ ಬರೀರಿ ತಮ್ಮಾ. ಹನ್ನೊಂದ್ ಎಕರೆಕ್ಕ ಮೂವತ್ತ್ ಲಕ್ಷ ಏನ್ ದೊಡ್ಡದು?"

ದೊಡ್ಡದಲ್ಲ. ಮಾರಿದರೆ ಅದರ ಎಷ್ಟೋ ಪಟ್ಟು ಬರುತ್ತದೆ. ಆದರೆ ಬ್ಯಾಂಕಿನವರಿಗೆ ಬೇಡ. 2002ರ ಸರ್ಫೇಸಿ ಕಾಯ್ದೆ ಇದೆಯಲ್ಲ, ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಕ್ಕೆ ತಗೊಳ್ಳುವ ಅಧಿಕಾರ ಕೊಡುವ ಕಾಯ್ದೆ, ಅದರ 31ನೇ ಸೆಕ್ಷನ್ ಕೃಷಿ ಜಮೀನನ್ನು ಹೊರಗಿಟ್ಟಿದೆ. ರೈತರನ್ನು ಕಾಪಾಡೋಕೆ ಮಾಡಿದ್ದು, ಒಳ್ಳೆಯದೇ. ಆದರೆ ಅದರ ಇನ್ನೊಂದು ಪರಿಣಾಮ ಹೀಗೆ ಕಾಣುತ್ತದೆ. ಎಜುಕೇಶನ್ ಲೋನಿಗೆ ಹೊಲ ಅಡವಿಡುತ್ತೇನೆ ಅಂದರೆ ಸಾಮಾನ್ಯವಾಗಿ ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಊರಲ್ಲಿ ಮನೆ, ಸಿಟಿಯಲ್ಲಿ ಎನ್ಎ (ಕೃಷಿಯೇತರ) ಪ್ಲಾಟು ಇದ್ದರೆ ಮಾತಾಡೋಣ ಅನ್ನುತ್ತಾರೆ. ವಿಜಯಪುರದಲ್ಲಿ ಎರಡು ಗುಂಟೆ ಪ್ಲಾಟು ಇರುವ ನೌಕರನ ಮಗಳಿಗೆ ಸಿಗುವ ಸಾಲ ಹನ್ನೊಂದು ಎಕರೆಯವರ ಮಗಳಿಗೆ ಸಿಗುವುದಿಲ್ಲ.

ನಿಯಮ ಹೀಗಿದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆ ಪ್ರಕಾರ 4 ಲಕ್ಷದವರೆಗೆ ಜಾಮೀನು ಬೇಡ. ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಅಥವಾ ಸರ್ಕಾರದ ಗ್ಯಾರಂಟಿ ನಿಧಿಯ ಆಸರೆ. ಅದರ ಮೇಲೆ ಹೋದರೆ ಆಸ್ತಿ ಅಡವು. ಕೆಲವು ಬ್ಯಾಂಕುಗಳು ತಮ್ಮ ಪಟ್ಟಿಯಲ್ಲಿರುವ ಹೆಸರುವಾಸಿ ವಿದೇಶಿ ವಿಶ್ವವಿದ್ಯಾಲಯಕ್ಕಾದರೆ ಅಡವಿಲ್ಲದೆಯೂ ಕೊಡುತ್ತವೆ. ಅಲ್ಲೂ ಸಹ-ಸಾಲಗಾರನ ಆದಾಯ ನೋಡುತ್ತಾರೆ, ಮತ್ತು ಕೃಷಿ ಆದಾಯ ಅಂದರೆ ಮ್ಯಾನೇಜರ್ ಮುಖ ಸಪ್ಪಗಾಗುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಚೆನ್ನಾಗಿದೆ. ಜಾಮೀನಿಲ್ಲದ ಸಾಲ, 8 ಲಕ್ಷದೊಳಗೆ ಆದಾಯ ಇರುವವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಆದರೆ ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ. ಲಂಡನ್ನಿಗೆ ಅದು ನಡೆಯುವುದಿಲ್ಲ.

ಉಳಿದದ್ದು ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗಳು. ಅವರು ಬೇಗ ಕೊಡುತ್ತಾರೆ, ಫೋನಿನಲ್ಲೇ ಸ್ಯಾಂಕ್ಷನ್ ಲೆಟರ್ ಬರುತ್ತದೆ. ಬಡ್ಡಿ ಜಾಸ್ತಿ. ಶೇ. 11 ಅಂತ ಹಿಡಿದು ಅಣ್ಣನ ಮುಂದೆಯೇ ಹಾಳೆ ಮೇಲೆ ಬರೆದೆ. ಓದುವ ಒಂದು ವರ್ಷ, ಆಮೇಲೆ ಒಂದು ವರ್ಷ, ಎರಡು ವರ್ಷಕ್ಕೆ 30 ಲಕ್ಷದ ಸರಳ ಬಡ್ಡಿ 6.6 ಲಕ್ಷ. ಕಂತು ಶುರುವಾಗುವಾಗ ಸಾಲ 36.6 ಲಕ್ಷ. ಹತ್ತು ವರ್ಷಕ್ಕಾದರೆ ತಿಂಗಳಿಗೆ 50,400 ರೂಪಾಯಿ, ಒಟ್ಟು ಕಟ್ಟುವುದು 60 ಲಕ್ಷದ ಮೇಲೆ. ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ 41,600, ಒಟ್ಟು 75 ಲಕ್ಷದ ಹತ್ತಿರ.

ಅಣ್ಣ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಅವರಿಗೆ ಸಾಲ ಅಂದರೆ ಸೊಸೈಟಿ ಸಾಲ. ರಾಜ್ಯ ಸರ್ಕಾರ 5 ಲಕ್ಷದವರೆಗೆ ಬೆಳೆ ಸಾಲಕ್ಕೆ ಬಡ್ಡಿಯೇ ಬೇಡ ಅಂದಿದೆ. ಬೆಳೆ ಬಂದಾಗ ತುಂಬುವುದು, ಮತ್ತೆ ಎತ್ತುವುದು. "ಪಡಕ್ಕ ಮೊದಲ ಹಣ್ಣ್ ಬರೂ ತನಕಾ ಸೊಸೈಟಿಯವ್ರು ತಡೀತಾರ. ಇವ್ರು ತಡ್ಯಾಂಗಿಲ್ಲೇನು?" ಅಂದರು. ಒಂದು ವರ್ಷ ತಡೆಯುತ್ತಾರೆ ಅಣ್ಣಾ, ಅದಕ್ಕೂ ಬಡ್ಡಿ ಹಾಕಿ ತಡೆಯುತ್ತಾರೆ ಅಂದೆ.

ಮಗಳು ಪಕ್ಕದಲ್ಲೇ ಕೂತಿದ್ದಳು. ಮೊಬೈಲ್ ತೆಗೆದು ತೋರಿಸಿದಳು. "ಕಾಕಾ, ಇಲ್ಲಿ ಸರಾಸರಿ ಪಗಾರ ಐತಿ ನೋಡ್ರಿ. ಡಾಲರ್ ಲೆಕ್ಕದಾಗ." ಅಮೆರಿಕದ ಐಆರ್ ಪದವೀಧರರ ಗಳಿಕೆ, ಸಾಲ, ಎರಡೂ ಇದ್ದವು. ಗಳಿಕೆ ಸಾಲಕ್ಕಿಂತ ಚೆನ್ನಾಗಿಯೇ ಕಾಣುತ್ತಿತ್ತು.

ಆ ಅಂಕಿಗಳ ಬಗ್ಗೆ ನನಗೆ ಗೌರವ ಇದೆ. ಅಮೆರಿಕ ಸರ್ಕಾರ 2015ರಿಂದ ಕಾಲೇಜ್ ಸ್ಕೋರ್‌ಕಾರ್ಡ್ ಅಂತ ನಡೆಸುತ್ತಿದೆ. ಯಾವ ಕಾಲೇಜಿನಲ್ಲಿ ಯಾವ ಕೋರ್ಸ್ ಮಾಡಿದವರು ಎಷ್ಟು ಗಳಿಸುತ್ತಾರೆ, ಎಷ್ಟು ಸಾಲ ಹೊತ್ತು ಹೊರಬರುತ್ತಾರೆ ಅಂತ ಹಾಕುತ್ತಾರೆ. ಗಳಿಕೆಯನ್ನು ತೆರಿಗೆ ದಾಖಲೆಯಿಂದಲೇ ತೆಗೆಯುತ್ತಾರೆ. ತೆರಿಗೆ ದಾಖಲೆಯಿಂದ! ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಯಾರೋ ಸರ್ವೆ ಮಾಡಿ ಕೇಳಿದ್ದಲ್ಲ, ಕಾಲೇಜಿನವರು ಬ್ರೋಷರಿನಲ್ಲಿ ಅಚ್ಚು ಹಾಕಿಸಿದ್ದಲ್ಲ. ನಮ್ಮಲ್ಲೂ ಇಂಥದ್ದೊಂದು ಬೇಕು. ಪ್ಯಾನ್ ಇದೆ, ಆಧಾರ್ ಇದೆ, ಮನಸ್ಸು ಮಾಡಿದರೆ ಕಷ್ಟ ಏನಿಲ್ಲ.

ಆದರೆ ಆ ಪಟ್ಟಿಯಲ್ಲಿ ಯಾರಿದ್ದಾರೆ ಅಂತ ನೋಡಬೇಕು. ಅಲ್ಲಿನ ಕೇಂದ್ರ ಸರ್ಕಾರದ ನೆರವು ಪಡೆದು ಓದಿದವರು ಮಾತ್ರ. ನಮ್ಮ ದೇಶದಿಂದ ವಿದ್ಯಾರ್ಥಿ ವೀಸಾ ಮೇಲೆ ಹೋದವರಿಗೆ ಆ ನೆರವು ಸಿಗುವುದೇ ಇಲ್ಲ. ಅಂದರೆ ಅವರ ಗಳಿಕೆಯೂ ಅದರಲ್ಲಿ ಇಲ್ಲ, ಅವರ ಸಾಲವೂ ಇಲ್ಲ. ಅಲ್ಲಿ ಬರೆದಿರುವ ಸಾಲ ಅವರ ಸರ್ಕಾರ ಕೊಟ್ಟ ಸಾಲ, ಅವರ ಷರತ್ತಿನದು. ವಿಜಯಪುರದ ಹುಡುಗಿಯ ಸಾಲ ಇಲ್ಲಿನ ಫೈನಾನ್ಸ್ ಕಂಪನಿಯ ರಿಜಿಸ್ಟರಿನಲ್ಲಿರುತ್ತದೆ. ಇನ್ನೊಂದು, ಅಲ್ಲಿನ ಐಆರ್ ಪದವೀಧರ ತನ್ನ ದೇಶದ ವಿದೇಶಾಂಗ ಇಲಾಖೆ, ರಕ್ಷಣಾ ಇಲಾಖೆ, ಗುತ್ತಿಗೆ ಕಂಪನಿ ಸೇರುತ್ತಾನೆ. ಹೊರದೇಶದವರಿಗೆ ಆ ಬಾಗಿಲು ಬಹುಪಾಲು ಮುಚ್ಚಿದ್ದೇ. ಓದು ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಮಾಡೋಕೆ ಇಂಜಿನಿಯರಿಂಗ್, ವಿಜ್ಞಾನದವರಿಗೆ ಮೂರು ವರ್ಷ ಸಿಕ್ಕರೆ, ಆ ಪಟ್ಟಿಗೆ ಸೇರದ ಕೋರ್ಸಿನವರಿಗೆ ಒಂದೇ ವರ್ಷ. ಮಾಮೂಲಿ ಐಆರ್ ಎಂ.ಎ. ಆ ಪಟ್ಟಿಗೆ ಸೇರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ (ಕೆಲಸದ ವೀಸಾ) ಅರ್ಜಿಗೆ ಒಂದು ಲಕ್ಷ ಡಾಲರ್ ಅಂತ ಆದೇಶ ಬಂತು. ಊರಿಗೆ ವಾಪಸ್ ಬಂದ ಐಆರ್ ಹುಡುಗಿಗೆ ಯಾವ ಕಂಪನಿ ಅಷ್ಟು ಕಟ್ಟೀತು?

ಅಲ್ಲಿನವರಿಗೇ ಈಗ ಪರದಾಟ. ಹೊರದೇಶಗಳಿಗೆ ನೆರವು ಕೊಡುವ ಅವರ ಸರ್ಕಾರಿ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಮುಚ್ಚಿಯೇ ಹೋಯಿತು. ಅದೇ ತಿಂಗಳು ಅವರ ವಿದೇಶಾಂಗ ಇಲಾಖೆ 1,300ಕ್ಕೂ ಜಾಸ್ತಿ ಜನರನ್ನು ಮನೆಗೆ ಕಳಿಸಿತು. ಹೊಸ ಕಾನೂನಿನ ಪ್ರಕಾರ 2026ರ ಜುಲೈನಿಂದ ಸ್ನಾತಕೋತ್ತರ ಓದಿಗೆ ಅವರ ಸರ್ಕಾರದ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರಿನ ಮೇಲೆ ಇಲ್ಲ. ವೈದ್ಯ, ವಕೀಲಿಯಂಥ ವೃತ್ತಿಪರ ಕೋರ್ಸಿಗೆ ಒಟ್ಟು ಮಿತಿ ಇದರ ಎರಡು ಪಟ್ಟು ಇದೆ. ಐಆರ್ ಆ ಸಾಲಿಗೆ ಬರುವುದಿಲ್ಲ. ಅಂದರೆ ಅವರ ಸರ್ಕಾರವೇ ಈ ಥರದ ಓದಿಗೆ ಇಷ್ಟೇ ಸಾಲ ಸಾಕು ಅಂತ ಗೆರೆ ಎಳೆದಿದೆ. ಹಳೆಯ ಸರಾಸರಿ ಹಳೆಯ ಕಾಲದ್ದು.

"ಆದ್ರ ನಾ ಹೊಂಟಿದ್ದು ಲಂಡನ್ನಿಗೆ" ಅಂದಳು. ಸರಿಯಾದ ಮಾತು. ಲಂಡನ್ನಿನ ವಿಷಯದಲ್ಲಿ ನನಗೆ ಹೊಟ್ಟೆಕಿಚ್ಚು ಆಗುವುದು ಬೇರೆ ಕಾರಣಕ್ಕೆ. ಅಲ್ಲಿನ ಮಕ್ಕಳು ಸಾಲ ತೀರಿಸುವುದು ಪಗಾರ ನೋಡಿಕೊಂಡು. 2023ರ ಆಗಸ್ಟಿನಿಂದ ಇಂಗ್ಲೆಂಡಿನಲ್ಲಿ ಸರ್ಕಾರದ ಸಾಲ ಮಾಡಿ ಮೊದಲ ಡಿಗ್ರಿ ಶುರು ಮಾಡಿದವರು ವರ್ಷಕ್ಕೆ 25,000 ಪೌಂಡಿಗಿಂತ ಮೇಲೆ ಗಳಿಸಿದ ಮೊತ್ತದ ಶೇ. 9 ಕಟ್ಟಬೇಕು. ಕಡಿಮೆ ಗಳಿಸಿದರೆ ಏನೂ ಇಲ್ಲ. ನಲವತ್ತು ವರ್ಷ ಆದ ಮೇಲೆ ಉಳಿದದ್ದು ಮಾಫಿ. ಕೆಲಸ ಹೋದರೆ ಕಂತು ನಿಲ್ಲುತ್ತದೆ. ತಡವಾಗಿ ದುಡ್ಡು ಬರುವ ಓದಿಗೆ ಹೊಂದುವ ಸಾಲ ಅಂದರೆ ಇದು. ನಮ್ಮ ಹುಡುಗಿ ಅದೇ ಕ್ಲಾಸಿನಲ್ಲಿ, ಅವರ ಪಕ್ಕದ ಬೆಂಚಿನಲ್ಲೇ ಕೂರುತ್ತಾಳೆ. ಫೀ ಅವರಿಗಿಂತ ಜಾಸ್ತಿ, ಸಾಲ ವಿಜಯಪುರದ ಷರತ್ತಿನದು. ಕಂತು ತಪ್ಪಿದರೆ ಅವಳ ಸಿಬಿಲ್ ಜೊತೆಗೆ ಅಪ್ಪನ ಸಿಬಿಲೂ ಹೋಗುತ್ತದೆ. ಓದಿನ ನಂತರ ಅಲ್ಲಿ ಉಳಿಯುವ ವೀಸಾ ಎರಡು ವರ್ಷ ಇದ್ದದ್ದು 2027ರ ಜನವರಿಯಿಂದ ಹದಿನೆಂಟು ತಿಂಗಳು ಅಂತ ಮಾಡಿದ್ದಾರೆ.

ಇಲ್ಲಿಗೆ ವಾಪಸ್ ಬಂದರೆ? 50,400 ಅನ್ನು ಇಲ್ಲಿನ ಪಗಾರದ ಪಕ್ಕಕ್ಕೆ ಇಟ್ಟು ನೋಡೋಣ. ಎನ್ಇಟಿ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಕೊಡುವ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಕಂತಿಗೇ ಸಾಲದು. ವಿದೇಶಾಂಗ ಸೇವೆಗೇ, ಅಂದರೆ ಐಎಫ್ಎಸ್‌ಗೇ ಆಯ್ಕೆಯಾದಳು ಅಂತಿಟ್ಟುಕೊಳ್ಳಿ, ಆ ಐವತ್ತೈದರಲ್ಲಿ ಒಬ್ಬಳು. ಶುರುವಿನ ಮೂಲ ವೇತನ 56,100. ಡಿಎ ಸೇರಿದರೆ ಜಾಸ್ತಿಯಾಗುತ್ತದೆ, ವಿದೇಶಕ್ಕೆ ಹಾಕಿದ ಮೇಲೆ ಭತ್ಯೆ ಬೇರೆ ಬರುತ್ತದೆ, ಅದು ಸರಿ. ಆದರೂ ಬಾವುಟದ ಕಾರು ಸಿಕ್ಕವಳ ಮೂಲ ವೇತನದಲ್ಲೂ ಕಂತು ಕಳೆದರೆ ಉಳಿಯುವುದು ಐದು ಸಾವಿರದ ಏಳು ನೂರು. ಇದನ್ನು ಬರೆದಾಗ ಅಣ್ಣ ನಕ್ಕುಬಿಟ್ಟರು. ಮಗಳು ನಗಲಿಲ್ಲ.

ಎಜುಕೇಶನ್ ಲೋನಿಗೆ ತೆರಿಗೆ ರಿಯಾಯಿತಿ, 80ಇ ಅಂತಾರಲ್ಲ, ಅದು ಇದೆಯಲ್ಲ ಅಂತ ಯಾರಾದರೂ ಕೇಳುತ್ತಾರೆ. ಇದೆ. ಬಡ್ಡಿಗೆ ಮಾತ್ರ, ಎಂಟು ವರ್ಷ ಮಾತ್ರ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲದ ಮೇಲೆ ಮೂವತ್ತು, ನಲವತ್ತು ಸಾವಿರ ಪಗಾರದವರಿಗೆ ಇದರಿಂದ ಏನು ಉಪಯೋಗ? ಲೋನ್ ಏಜೆಂಟರು ಇದನ್ನು ದೊಡ್ಡದಾಗಿ ಹೇಳುತ್ತಾರೆ. ಸುಮ್ನೆ ಕೇಳಿಸಿಕೊಂಡು ಬನ್ನಿ.

ಇಷ್ಟೆಲ್ಲ ಬರೆದದ್ದು ನೋಡಿ ಐಆರ್ ದಂಡದ ಓದು ಅಂತ ನಾನು ಹೇಳುತ್ತಿದ್ದೇನೆ ಅನ್ನಿಸಬಹುದು. ಹಾಗಲ್ಲ. ನಮ್ಮ ಜಿಲ್ಲೆಯ ಹಾಗೆ ಹೊರದೇಶದ ಸುದ್ದಿಗೆ ಕಿವಿ ಕೊಡಬೇಕಾದ ಜಿಲ್ಲೆ ಕಡಿಮೆ. ಬಸವನ ಬಾಗೇವಾಡಿ, ಕೊಲ್ಹಾರ ಕಡೆಯ ಉಳ್ಳಾಗಡ್ಡಿ ಬೆಳೆಗಾರರನ್ನು ಕೇಳಿ. 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇ. 40 ಸುಂಕ, ಡಿಸೆಂಬರಿನಲ್ಲಿ ರಫ್ತೇ ಬಂದ್, 2024ರ ಮೇನಲ್ಲಿ ಮತ್ತೆ ಚಾಲೂ ಆದರೂ ಸುಂಕ ಹಾಗೇ, ಸೆಪ್ಟೆಂಬರಿನಲ್ಲಿ ಶೇ. 20ಕ್ಕೆ ಇಳಿಕೆ, 2025ರ ಏಪ್ರಿಲ್ 1ಕ್ಕೆ ಪೂರ್ತಿ ರದ್ದು. ದಿಲ್ಲಿಯಲ್ಲಿ ಒಂದು ಆದೇಶ ಬಂದರೆ ಇಲ್ಲಿ ಚೀಲದ ರೇಟು ಸಂಜೆಯೊಳಗೆ ಬದಲಾಗುತ್ತದೆ. ಒಣದ್ರಾಕ್ಷಿ ಹೊತ್ತು ಸಾಂಗ್ಲಿ, ತಾಸಗಾವಕ್ಕೆ ಹೋದವರಿಗೆ ಅಲ್ಲಿ ಎದುರಾಗುವುದು ಅಫ್ಘಾನಿಸ್ತಾನದ ಮಾಲು. ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಒಪ್ಪಂದ, ಸುಂಕ ರಿಯಾಯಿತಿ, ಇವೆಲ್ಲ ಐಆರ್ ಸಿಲಬಸ್ಸಿನ ಮಾತುಗಳೇ. ಯುರೋಪಿಗೆ ಹೋಗುವ ದ್ರಾಕ್ಷಿಯಲ್ಲಿ ಯಾವ ಔಷಧಿಯ ಅಂಶ ಎಷ್ಟು ಉಳಿದಿರಬಹುದು ಅನ್ನುವುದೂ ಹಾಗೇ. ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ತಯಾರಾಗುವ ವಿಮಾನದ ಬಿಡಿಭಾಗ ಹೊರದೇಶಕ್ಕೇ ಹೋಗುತ್ತವೆ.

ನಮ್ಮ ವಿಜಯಪುರಕ್ಕೆ ರಾಯಭಾರಿಗಳು ಹೊಸಬರಲ್ಲ, ಹೇಳಬೇಕೆಂದರೆ. ಅಕ್ಬರ್ ಬಾದಶಹನ ದೂತ ಅಸದ್ ಬೇಗ್ 1600ರ ಆಸುಪಾಸಿನಲ್ಲಿ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಬಂದಿದ್ದ. ಮದುವೆ ಸಂಬಂಧದ ಕೆಲಸ. ಇಲ್ಲಿ ಅವನು ತಂಬಾಕು ಕಂಡ. ಹಿಂದುಸ್ತಾನದಲ್ಲಿ ಹಿಂದೆ ಕಂಡಿರಲಿಲ್ಲವಂತೆ. ಕೊಂಡುಹೋಗಿ ಬಾದಶಹನಿಗೆ ಕೊಟ್ಟ, ಬಾದಶಹ ಒಂದೆರಡು ದಮ್ಮು ಎಳೆದ, ಹಕೀಮರು ಬೇಡ ಅಂದರು. ಈ ಕಥೆ ಅಣ್ಣನಿಗೆ ಹೇಳಿದರೆ, "ಅವಂಗ ಪಗಾರ ಯಾರ್ ಕೊಡ್ತಿದ್ರು?" ಅಂತ ಕೇಳಿದರು. ಅದೇ ಪ್ರಶ್ನೆ. ಇಲ್ಲಿ ಈ ತಿಳಿವಳಿಕೆಯ ಅಗತ್ಯ ಇದೆ, ಪಗಾರ ಕೊಡುವ ಕುರ್ಚಿ ಇಲ್ಲ. ಎಪಿಎಂಸಿಯಲ್ಲಿ ಅಫ್ಘಾನ್ ಮಾರುಕಟ್ಟೆ ಬಲ್ಲವರನ್ನು ಯಾರೂ ನೇಮಿಸಿಕೊಂಡಿಲ್ಲ. ರಫ್ತುದಾರರು ಮುಂಬೈ, ಪುಣೆಯ ಏಜೆಂಟರನ್ನೇ ಕೇಳುತ್ತಾರೆ.

ಹಾಗಾದರೆ ಓದುವುದು ಹೇಗೆ? ಕಡಿಮೆ ದುಡ್ಡಿನಲ್ಲಿ ಓದಬೇಕು, ಅಷ್ಟೇ ನನ್ನ ವಾದ. ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ವಿಭಾಗ 1955ರಲ್ಲಿ ಬೇರೆ ಸಂಸ್ಥೆಯಾಗಿ ಶುರುವಾಗಿ 1970ರಲ್ಲಿ ಆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇವತ್ತಿಗೂ ಅಲ್ಲಿ ವರ್ಷದ ಟ್ಯೂಷನ್ ಫೀ ಕೆಲವು ನೂರು ರೂಪಾಯಿ. ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಸೀಟು ಗೆಲ್ಲಬೇಕು, ಅದು ಸುಲಭ ಅಲ್ಲ. ಸಿಗದಿದ್ದರೆ ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೋ ಧಾರವಾಡದಲ್ಲೋ ರಾಜ್ಯಶಾಸ್ತ್ರ ಎಂ.ಎ. ಇದೆ, ಅಂತರರಾಷ್ಟ್ರೀಯ ಸಂಬಂಧ ಅದರ ಒಳಗೇ ಬರುತ್ತದೆ. ಲಂಡನ್ನೇ ಬೇಕು ಅಂದರೆ ಬ್ರಿಟನ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಶಿಪ್ ಇದೆ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ವಾಪಸ್ ಬಂದಿರಬೇಕು. ಪರಿಶಿಷ್ಟರ ಮಕ್ಕಳಿಗೆ ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇವೆ. ಇವೆಲ್ಲ ಸಾಲ ಇಲ್ಲದ ದಾರಿಗಳು. ಸಾಲ ಇಲ್ಲದಿದ್ದರೆ ಐಆರ್ ಓದಿದವಳು ಹನ್ನೊಂದು ತಿಂಗಳ ಕರಾರನ್ನೂ ತಡೆಯುತ್ತಾಳೆ, ಹತ್ತು ಸಾವಿರದ ಇಂಟರ್ನ್‌ಶಿಪ್ಪನ್ನೂ ತಡೆಯುತ್ತಾಳೆ, ಒಳ್ಳೆಯ ಕುರ್ಚಿ ಬರುವ ತನಕ ಕಾಯುತ್ತಾಳೆ. ಈ ಓದಿಗೆ ಬೇಕಾದ ಮುಖ್ಯ ಬಂಡವಾಳ ಕಾಯುವ ತಾಕತ್ತು. ಇಎಂಐ ಮೊದಲು ತಿನ್ನುವುದು ಅದನ್ನೇ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗಿ ಒಂದು ಮಾತು ಕೇಳಿದಳು. "ಕಾಕಾ, ಇಂಜಿನಿಯರಿಂಗ್ ಹುಡುಗುರ್ಗೆ ಈ ಹಾಳಿ ಯಾಕ್ ಬರ್ಯಂಗಿಲ್ರಿ ನೀವು?"

ನ್ಯಾಯದ ಪ್ರಶ್ನೆ. ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿದು, ಬೆಂಗಳೂರಿನಲ್ಲಿ ಇಪ್ಪತ್ತೆರಡು ಸಾವಿರಕ್ಕೆ ಸೇರಿದ ಹುಡುಗರ ಫಾರ್ಮ್ 16 ನನ್ನ ಕಪಾಟಿನಲ್ಲಿ ಬೇಕಾದಷ್ಟಿವೆ. ಅವರ ಅಪ್ಪಂದಿರು ಪಗಾರ ಎಷ್ಟು ಅಂತ ಕೇಳಿಯೇ ಇರಲಿಲ್ಲ. ಇಂಜಿನಿಯರಿಂಗ್ ಅಂದ ಕೂಡಲೇ ಪ್ರಶ್ನೆ ಮುಗಿಯುತ್ತದೆ. ಮಗಳು, ಅದರಲ್ಲೂ ಬಿ.ಎ. ಓದಿದವಳು, ಏನಾದರೂ ಬೇರೆ ಕೇಳಿದರೆ ಮಾತ್ರ ಕ್ಯಾಲ್ಕುಲೇಟರ್ ಹೊರಬರುತ್ತದೆ. ಇದನ್ನು ಅವಳ ಮುಂದೆಯೇ ಒಪ್ಪಿಕೊಂಡೆ. ಅಣ್ಣ ಕಿಟಕಿ ಕಡೆ ನೋಡುತ್ತಾ ಕೂತರು.

ಅವಳು ಲಂಡನ್ ಸೀಟು ಮುಂದಿನ ವರ್ಷಕ್ಕೆ ಹಾಕಿಸಿಕೊಂಡಿದ್ದಾಳೆ. ಅಷ್ಟರೊಳಗೆ ಸಿಯುಇಟಿ ಬರೆಯುತ್ತಾಳಂತೆ. ಎರಡರಲ್ಲಿ ಯಾವುದು ಅಂತ ಇನ್ನೂ ಮನೆಯಲ್ಲಿ ಮಾತು ನಡೆದಿದೆ. ಅವಳ ತಮ್ಮ ಪಿಯುಸಿ ಎರಡನೇ ವರ್ಷ, ಕಂಪ್ಯೂಟರ್ ಸೈನ್ಸ್ ಸೀಟಿಗೆ ಈಗಲೇ ಏಜೆಂಟರ ಫೋನ್ ಬರುತ್ತಿವೆ. ಅವನ ಸೀಟಿಗೂ ಇದೇ ಹಾಳೆ ಬರೆಸಬೇಕು ಅಂತ ಅಕ್ಕ ಹಟ ಹಿಡಿದಿದ್ದಾಳೆ. ಅಣ್ಣ ಇನ್ನೂ ಒಪ್ಪಿಲ್ಲ.